ಇಪ್ಪತ್ತೆರಡು ಮರದ ತುಂಡುಗಳ ಹಡಗು

ನಮ್ಮ ಕಡೆಯ ಮಕ್ಕಳಿಗೆ ಆಟದ ಸಾಮಾನನ್ನು ಪೇಟೆಯಿಂದಲೇ ತರಬೇಕೆಂಬ ನಿಯಮವಿಲ್ಲ. ತೋಟದಲ್ಲಿ ಉದುರಿದ ಅಡಿಕೆ ಹಾಳೆ ಸಿಕ್ಕಿದರೆ ಅದೇ ಗಾಡಿ. ಒಬ್ಬ ಕುಳಿತುಕೊಳ್ಳುತ್ತಾನೆ, ಇನ್ನೊಬ್ಬ ಎಳೆಯುತ್ತಾನೆ. ಸಂಜೆಯ ಹೊತ್ತಿಗೆ ಅದೇ ಹಾಳೆ ದೋಣಿಯಾಗಿರುತ್ತದೆ, ಮಳೆ ಬಂದರೆ ಕೊಡೆಯೂ ಆಗುತ್ತದೆ. ಒಂದು ವಸ್ತು ಹತ್ತು ವಸ್ತುವಾಗುವ ಈ ಆಟವನ್ನು ನಾವು ದೊಡ್ಡವರು ದಿನವೂ ನೋಡುತ್ತೇವೆ. ಆದರೆ ಅದರಲ್ಲಿ ಒಂದು ವಿದ್ಯೆ ಅಡಗಿದೆ ಎಂದು ಎಣಿಸುವುದಿಲ್ಲ.

ಕಳೆದ ಕೊಯ್ಲಿನ ಸಮಯದಲ್ಲಿ ನಮ್ಮ ಸದಸ್ಯರೊಬ್ಬರು ಅಡಿಕೆ ತೂಕ ಮಾಡಿಸಲು ಬಂದವರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಕಡೆಗೆ ವಿಷಯ ಹೊರಬಂತು. ಪಿ.ಯು.ಸಿ. ಮುಗಿಸಿದ ಮಗಳು ಶಿಲ್ಪಕಲೆ ಓದುತ್ತೇನೆಂದು ಹಟ ಹಿಡಿದಿದ್ದಾಳೆ. “ದೇವರ ವಿಗ್ರಹ ಕೆತ್ತುವುದನ್ನು ಕಲಿಯುತ್ತೇನೆಂದರೆ ಅರ್ಥವಾಗುತ್ತಿತ್ತು ಮಾರಾಯರೇ. ಇವಳು ಚೌಕ, ಉರುಟು, ಮೂರು ಮೂಲೆ ಅಂತ ರಟ್ಟು ಕತ್ತರಿಸಿ ಬಣ್ಣ ಬಳಿದು ನಿಲ್ಲಿಸುತ್ತಾಳೆ. ಇದು ಯಾವ ಓದು?” ಎಂದು ಅವರು ಕೇಳಿದರು. ಆ ದಿನ ನಮಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆಗೆ ಉತ್ತರವಾಗಿ, ನೂರು ವರ್ಷಗಳ ಹಿಂದೆ ಇದೇ ಚೌಕ, ಉರುಟುಗಳನ್ನು ಕೈಗೆತ್ತಿಕೊಂಡ ಒಬ್ಬ ವಿದ್ಯಾರ್ಥಿನಿಯ ಕಥೆಯನ್ನು ಇಲ್ಲಿ ಕೊಡುತ್ತಿದ್ದೇವೆ.

ವೈಮಾರಿನ ಶಾಲೆ

ಮೊದಲನೆಯ ಮಹಾಯುದ್ಧದಲ್ಲಿ ಸೋತು ಬಸವಳಿದಿದ್ದ ಜರ್ಮನಿಯ ವೈಮಾರ್ ಪಟ್ಟಣದಲ್ಲಿ 1919ರಲ್ಲಿ ವಾಲ್ಟರ್ ಗ್ರೋಪಿಯಸ್ ಎಂಬ ವಾಸ್ತುಶಿಲ್ಪಿ ‘ಬೌಹೌಸ್’ ಎಂಬ ಶಾಲೆಯನ್ನು ಆರಂಭಿಸಿದರು. ಕಲಾವಿದನೂ ಬಡಗಿಯೂ ಬೇರೆ ಬೇರೆಯಲ್ಲ, ಕುಂಚ ಹಿಡಿಯುವವನು ಉಳಿಯನ್ನೂ ಹಿಡಿಯಬೇಕು ಎಂಬುದು ಅದರ ತತ್ತ್ವ. ಸೇರಿದವರೆಲ್ಲರೂ ಮೊದಲು ಒಂದು ಪೂರ್ವಭಾವಿ ತರಗತಿಯಲ್ಲಿ ಕಲಿಯಬೇಕಾಗಿತ್ತು. ಅಲ್ಲಿ ಯೊಹಾನೆಸ್ ಇಟೆನ್ ಎಂಬ ಗುರುಗಳು ವೃತ್ತ, ಚೌಕ, ತ್ರಿಕೋನಗಳನ್ನೂ, ನುಣುಪು ಮತ್ತು ಒರಟು, ಬೆಳಕು ಮತ್ತು ಕತ್ತಲೆಗಳ ಭೇದವನ್ನೂ ಅಕ್ಷರಾಭ್ಯಾಸ ಮಾಡಿಸಿದಂತೆ ಕಲಿಸುತ್ತಿದ್ದರು. ಪ್ರಸಿದ್ಧ ಚಿತ್ರಕಾರ ಕಾಂಡಿನ್‌ಸ್ಕಿಯವರು 1923ರಲ್ಲಿ ಒಂದು ಪ್ರಶ್ನಾವಳಿಯನ್ನೇ ಹಂಚಿದರು. ಹಳದಿ, ಕೆಂಪು, ನೀಲಿ ಈ ಮೂರು ಬಣ್ಣಗಳಲ್ಲಿ ಯಾವುದು ಯಾವ ಆಕಾರಕ್ಕೆ ಒಪ್ಪುತ್ತದೆ ಎಂಬುದು ಅದರ ಪ್ರಶ್ನೆ. ಹಳದಿಗೆ ತ್ರಿಕೋನ, ಕೆಂಪಿಗೆ ಚೌಕ, ನೀಲಿಗೆ ವೃತ್ತ ಎಂಬುದು ಅವರ ಅಭಿಪ್ರಾಯವಾಗಿತ್ತು.

ಈ ಶಾಲೆಯ ಗಾಳಿ ನಮ್ಮ ದೇಶಕ್ಕೂ ಬೀಸಿತ್ತೆಂಬುದು ಇಲ್ಲಿ ಉಲ್ಲೇಖಾರ್ಹ. 1922ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಇಂಡಿಯನ್ ಸೊಸೈಟಿ ಆಫ್ ಓರಿಯೆಂಟಲ್ ಆರ್ಟ್ ಏರ್ಪಡಿಸಿದ ಪ್ರದರ್ಶನಕ್ಕೆ ವೈಮಾರಿನಿಂದ ಇಟೆನ್, ಕಾಂಡಿನ್‌ಸ್ಕಿ, ಕ್ಲೇ ಮೊದಲಾದವರ ಕೃತಿಗಳು ಬಂದಿದ್ದವು.

ನೇಯ್ಗೆಯಿಂದ ಮರಗೆಲಸಕ್ಕೆ

ಅದೇ 1922ರಲ್ಲಿ ಆಲ್ಮಾ ಬುಷರ್ ಎಂಬ ತರುಣಿ ಬೌಹೌಸಿಗೆ ಸೇರಿದಳು. ಹುಟ್ಟಿದ್ದು 1899ರಲ್ಲಿ. ಬರ್ಲಿನ್ನಿನಲ್ಲಿ ಅದಾಗಲೇ ಕೆಲವು ವರ್ಷ ಕಲೆ ಓದಿದ್ದಳು. ಹೆಣ್ಣು ಗಂಡೆಂಬ ಭೇದವಿಲ್ಲದೆ ಎಲ್ಲರಿಗೂ ಪ್ರವೇಶವೆಂದು ಶಾಲೆ ಸಾರಿತ್ತು. ಆದರೆ ಹುಡುಗಿಯರು ಹೆಚ್ಚು ಸಂಖ್ಯೆಯಲ್ಲಿ ಬರತೊಡಗಿದಾಗ ಶಾಲೆಯ ಹಿರಿಯರು ಕಸಿವಿಸಿಗೊಂಡರು. 1920ರಿಂದ ಅವರಲ್ಲಿ ಹೆಚ್ಚಿನವರನ್ನು ನೇಯ್ಗೆ ವಿಭಾಗದ ಕಡೆಗೇ ತಿರುಗಿಸಲಾಯಿತು. ಮರ, ಲೋಹ, ಕಲ್ಲುಗಳ ಕೆಲಸ ಗಂಡಸರದೆಂಬ ಭಾವನೆ ಆ ಸುಧಾರಕರಲ್ಲೂ ಇತ್ತು.

ಆಲ್ಮಾಳೂ ಮೊದಲು ಮಗ್ಗದ ಮುಂದೆಯೇ ಕುಳಿತಳು. ಆದರೆ 1923ರಲ್ಲಿ ಮರಶಿಲ್ಪ ವಿಭಾಗಕ್ಕೆ ಬದಲಾಯಿಸಿಕೊಂಡಳು. ಅಲ್ಲಿ ಕಸುಬಿನ ಗುರುವಾಗಿದ್ದವರು ಯೋಸೆಫ್ ಹಾರ್ಟ್‌ವಿಗ್. ರಾಜ, ಕುದುರೆಗಳ ರೂಪವನ್ನು ಬಿಟ್ಟು ಬರಿಯ ಜ್ಯಾಮಿತಿಯ ಆಕಾರಗಳಲ್ಲಿ ಚದುರಂಗದ ಕಾಯಿಗಳನ್ನು ಮಾಡಿ ಹೆಸರಾದವರು. ಅಂಥವರ ಕೈಕೆಳಗೆ ಆಲ್ಮಾ ಮಾಡಿದ ಶಿಲ್ಪ ಮಾತ್ರ ಪೀಠದ ಮೇಲೆ ನಿಲ್ಲಿಸುವಂಥದಲ್ಲ. ಅದು ನೆಲದ ಮೇಲೆ ಕುಳಿತು ಆಡುವ ಮಗುವಿನದು.

ಅದೇ ವರ್ಷ ಆಕೆ ಮಾಡಿದ ‘ಹಡಗು ಕಟ್ಟುವ ಆಟ’ ಇಂದಿಗೂ ತಯಾರಾಗುತ್ತಿದೆ. ಅದರಲ್ಲಿ 22 ಮರದ ತುಂಡುಗಳಿವೆ. ಕೆಲವು ಉದ್ದನೆಯವು, ಕೆಲವು ಚಪ್ಪಟೆ, ಕೆಲವು ಬಿಲ್ಲಿನಂತೆ ಬಾಗಿದವು. ಬಣ್ಣಗಳು ಕೆಂಪು, ಹಳದಿ, ನೀಲಿ, ಹಸಿರು, ಬಿಳಿ. ಜೋಡಿಸಿದರೆ ಹಡಗು. ಕೆಡವಿ ಮತ್ತೆ ಜೋಡಿಸಿದರೆ ಸೇತುವೆ, ಹೆಬ್ಬಾಗಿಲು, ಗುಡ್ಡದ ಸಾಲು. ಹೀಗೆಯೇ ಕಟ್ಟಬೇಕೆಂಬ ಕಟ್ಟಳೆಯಿಲ್ಲ. ದೊಡ್ಡ ತುಂಡನ್ನು ಕೆಳಗಿಟ್ಟರೆ ನಿಲ್ಲುತ್ತದೆ, ಮೇಲಿಟ್ಟರೆ ಉರುಳುತ್ತದೆ. ಎರಡು ತುಂಡುಗಳ ನಡುವೆ ಬಿಟ್ಟ ತೆರಪೂ ಬಾಗಿಲೋ ಕಿಟಕಿಯೋ ಆಗುತ್ತದೆ. ಹತ್ತಿರ ಇಟ್ಟಾಗ ಕೆಂಪು ಮುಂದೆ ಬಂದಂತೆ, ನೀಲಿ ಹಿಂದೆ ಸರಿದಂತೆ ಕಾಣುತ್ತದೆ. ಬಣ್ಣ, ಆಕಾರ, ಅವಕಾಶ ಈ ಮೂರನ್ನೂ ಮಗು ಯಾರೂ ಹೇಳಿಕೊಡದೆ ಕೈಯಿಂದಲೇ ತಿಳಿಯುತ್ತದೆ.

ಮಕ್ಕಳಿಗೊಂದು ಕೋಣೆ

1923ರ ಬೇಸಗೆಯಲ್ಲಿ ಶಾಲೆಯ ದೊಡ್ಡ ಪ್ರದರ್ಶನ ನಡೆಯಿತು. ಅದಕ್ಕಾಗಿ ‘ಹೌಸ್ ಆಮ್ ಹೋರ್ನ್’ ಎಂಬ ಮಾದರಿ ಮನೆಯೊಂದನ್ನು ಕಟ್ಟಿಸಿದರು. ಅದರ ಮಕ್ಕಳ ಕೋಣೆಯ ಪೀಠೋಪಕರಣಗಳು ಆಲ್ಮಾಳವು. ಗೋಡೆಯ ಮೇಲೆ ಮಕ್ಕಳು ಗೀಚಿ ಒರೆಸಲು ಹಲಗೆಗಳು. ಸಾಮಾನು ತುಂಬುವ ಬಣ್ಣದ ಪೆಟ್ಟಿಗೆಗಳನ್ನು ಮಗುಚಿದರೆ ಕುಳಿತುಕೊಳ್ಳುವ ಪೀಠ, ಒಂದರ ಮೇಲೊಂದಿಟ್ಟರೆ ಮೇಜು. ಚಕ್ರವಿದ್ದ ಪೆಟ್ಟಿಗೆಯನ್ನು ಎಳೆದರೆ ಗಾಡಿ. ಕಪಾಟಿನ ಬಾಗಿಲಲ್ಲಿ ಕೊರೆದ ಕಿಂಡಿ ಗೊಂಬೆಯಾಟದ ರಂಗಸ್ಥಳ. ನಮ್ಮ ಅಡಿಕೆ ಹಾಳೆಯ ಗಾಡಿಯನ್ನು ಬಲ್ಲವರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಕ್ಕಳ ಕೋಣೆಯೆಂದರೆ ದೊಡ್ಡವರ ಮೇಜು ಕುರ್ಚಿಗಳನ್ನು ಗಿಡ್ಡ ಮಾಡಿ ಇಡುವುದೆಂದೇ ತಿಳಿದಿದ್ದ ಕಾಲವದು. ಆಲ್ಮಾ ಮಗುವಿನ ಎತ್ತರಕ್ಕೆ ಬಗ್ಗಿ ಕೋಣೆಯನ್ನು ನೋಡಿದಳು. ಆದರೂ ಶಾಲೆಯ ಹಿರಿಯರಿಗೆ ಆಟಿಕೆಗಳ ಕೆಲಸ ಬದಿಯ ಕೆಲಸವಾಗಿಯೇ ಕಂಡಿತು. ಕೊಳ್ಳುವವರು ಮಾತ್ರ ಹಾಗೆ ಎಣಿಸಲಿಲ್ಲ. ಆಕೆಯ ಆಟಿಕೆಗಳು ಚೆನ್ನಾಗಿಯೇ ಮಾರಾಟವಾದವು.

ಮುಂದಿನ ಕಥೆ ಸುಖದ್ದಲ್ಲ. 1926ರಲ್ಲಿ ಆಕೆ ನಟ ವೆರ್ನರ್ ಸೀಡ್‌ಹೋಫ್ ಅವರನ್ನು ಮದುವೆಯಾದಳು. ಎರಡು ಮಕ್ಕಳಾದವು. ಗಂಡನ ರಂಗಭೂಮಿಯ ಕೆಲಸ ಕರೆದ ಊರಿಗೆಲ್ಲ ಸಂಸಾರವೂ ಹೊರಟಿತು. ಆಕೆಯ ಸ್ವಂತ ಕೆಲಸ ಕಡಿಮೆಯಾಗುತ್ತ ಬಂತು. ಬೌಹೌಸ್ 1933ರಲ್ಲಿ ಮುಚ್ಚಿತು. 1944ರಲ್ಲಿ, ಎರಡನೆಯ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ಆಲ್ಮಾ ತೀರಿಕೊಂಡಳು. ಆಗ ಆಕೆಗೆ 45 ವರ್ಷ. ಬದುಕಿದ್ದಾಗ ಸಿಗದಿದ್ದ ಹೆಸರು ಹೋದ ಮೇಲೆ ಬಂತು. ಸ್ವಿಟ್ಜರ್ಲೆಂಡಿನ ನೇಫ್ ಕಂಪನಿ ಆ ಹಡಗಿನ ಆಟವನ್ನು ತಯಾರಿಸುತ್ತಿದೆ. ಆ ಮಾದರಿ ಮನೆ 1996ರಿಂದ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ.

ನಮ್ಮ ಮನೆಯಲ್ಲೂ ಮಾಡಬಹುದು

ಈ ಬಗೆಯ ಆಟಿಕೆಯನ್ನು ವಿದೇಶದಿಂದ ತರಿಸಬೇಕಾಗಿಲ್ಲ. ಮನೆಯಲ್ಲಿ ಆಚಾರಿ ಕೆಲಸ ನಡೆಯುವಾಗ ಉಳಿದ ಸಿಲ್ವರ್ ಓಕ್, ಹಲಸಿನ ತುಂಡುಗಳನ್ನು ಒಲೆಗೆ ಹಾಕುವ ಮೊದಲು ಎತ್ತಿಡಿರಿ. ಚೆನ್ನಾಗಿ ಒಣಗಿದ ಮರವೇ ಆಗಬೇಕು, ಹಸಿ ಮರ ಸೀಳುತ್ತದೆ. ಒಂದು ಅಳತೆಯನ್ನು ಗೊತ್ತುಮಾಡಿಕೊಳ್ಳಿ, ಎರಡು ಅಂಗುಲವೆಂದಿಟ್ಟುಕೊಳ್ಳೋಣ. ಮೊದಲು ಆ ಅಳತೆಯ ಕೆಲವು ಚೌಕಗಳು, ಆಮೇಲೆ ಅದರ ಎರಡರಷ್ಟು, ನಾಲ್ಕರಷ್ಟು ಉದ್ದದವು, ಮೂಲೆಯಿಂದ ಮೂಲೆಗೆ ಸೀಳಿದವು ಕೆಲವು. ಅಳತೆ ಹೊಂದಿದರೆ ಮಾತ್ರ ತುಂಡುಗಳು ಒಂದಕ್ಕೊಂದು ಕೂರುತ್ತವೆ. ಅಂಚುಗಳನ್ನು ಮರಳು ಕಾಗದದಿಂದ ಉಜ್ಜಿಸಿ. ಬಣ್ಣ ಬಳಿಯುವುದಾದರೆ ಸೀಸವಿಲ್ಲದ, ಮಕ್ಕಳ ಆಟಿಕೆಗೆ ತಕ್ಕ ಬಣ್ಣವೇ ಇರಲಿ. ಮೂರು ವರ್ಷದೊಳಗಿನ ಮಕ್ಕಳ ಕೈಗೆ ಬಾಯಿಗೆ ಹೋಗುವಂಥ ಸಣ್ಣ ತುಂಡು ಕೊಡಬೇಡಿರಿ.

ಇನ್ನು ನಮ್ಮ ಸದಸ್ಯರ ಪ್ರಶ್ನೆ. ಕಲೆ ಓದಿದ ಮಗಳಿಗೆ ಸಂಬಳ ಎಷ್ಟು ಬಂದೀತೆಂದು ನಾವು ಹೇಳಲಾರೆವು. ಆಲ್ಮಾಳ ಕಥೆಯೂ ಆ ಭರವಸೆ ಕೊಡುವುದಿಲ್ಲ. ಆದರೆ ಚೌಕ, ಉರುಟು, ಮೂರು ಮೂಲೆಗಳು ಕೆಲಸವಿಲ್ಲದವರ ಕಾಲಹರಣವೆಂಬ ಮಾತನ್ನು ನಾವು ಒಪ್ಪುವುದಿಲ್ಲ. ಕಣದಲ್ಲಿ ಕಾಫಿ ಹಣ್ಣಿನ ಬಣ್ಣ ನೋಡಿ ಮಾಗಿದ್ದು ಯಾವುದು, ಕಾಯಿ ಯಾವುದೆಂದು ಬೇರ್ಪಡಿಸುವುದಕ್ಕೆ, ಅಡಿಕೆಯ ಗಾತ್ರ ಬಣ್ಣ ನೋಡಿ ದರ್ಜೆ ಕಟ್ಟುವುದಕ್ಕೆ ನಮಗೆ ಎಷ್ಟು ವರ್ಷ ಹಿಡಿಯಿತು! ಅವಳ ಕಣ್ಣು ಕೈಗಳೂ ಪಳಗಲು ಅಷ್ಟೇ ಕಾಲ ಬೇಕು. ಒಂದು ಸಂಜೆ ಅವಳ ರಟ್ಟಿನ ತುಂಡುಗಳ ಮುಂದೆ ಕುಳಿತು, ಇದನ್ನು ಇಲ್ಲಿ ಏಕೆ ನಿಲ್ಲಿಸಿದೆ ಮಗಳೇ ಎಂದು ಕೇಳಿ ನೋಡಿರೆಂದು ಅವರಲ್ಲಿ ನಮ್ಮ ಅರಿಕೆ. ಅರ್ಜಿ ತುಂಬುವ ಮಾತು ಆಮೇಲಿನದು.