ಗಾಳದವರಿಗೂ ಬೇಕು ನವಿಲುತೀರ್ಥದ ಖಬರು

ರೋಣ, ನರಗುಂದ, ಗಜೇಂದ್ರಗಡ ಎಂದ ಕೂಡಲೇ ಹೊರಗಿನವರ ಕಣ್ಣ ಮುಂದೆ ಬರುವುದು ಎರೆಹೊಲ, ಕಡಲೆ, ಬಿಳಿಜೋಳ, ಹತ್ತಿ, ಗಜೇಂದ್ರಗಡದ ಮಗ್ಗದ ಸೀರೆ. ಮೀನು ಮಾತ್ರ ಯಾರ ನೆನಪಿಗೂ ಬರುವುದಿಲ್ಲ. ‘ಕುಡಿಯಾಕ ನೀರ ಇಲ್ಲದ ಸೀಮ್ಯಾಗ ಮೀನ ಎಲ್ಲಿಂದ ಬರಬೇಕ್ರೀ?’ ಎಂದು ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ನಕ್ಕರೆ ಅವರ ತಪ್ಪೇನಿಲ್ಲ. ಆದರೆ ರವಿವಾರ ನಸುಕಿನಲ್ಲಿ ಅದೇ ಸ್ಟ್ಯಾಂಡಿನ ಚಹಾದಂಗಡಿ ಮುಂದೆ ನಿಂತು ನೋಡಬೇಕು. ಕಿರಾಣಿ ಅಂಗಡಿಯವರು, ಸೈಕಲ್ ರಿಪೇರಿಯವರು, ಸಾಲಿ ಮಾಸ್ತರರು, ಮಗ್ಗಕ್ಕೆ ಒಂದು ದಿನದ ಸೂಟಿ ಕೊಟ್ಟ ನೇಕಾರರು. ಕೈಯಲ್ಲಿ ಉದ್ದನ್ನ ಕೋಲು, ಹೆಗಲಿಗೆ ಬುತ್ತಿಯ ಚೀಲ, ತಗಡಿನ ಡಬ್ಬಿಯಲ್ಲಿ ಹಸಿಮಣ್ಣು, ಮಣ್ಣಿನೊಳಗೆ ಎರೆಹುಳು. ಇವರು ಹೊಟ್ಟೆಪಾಡಿನ ಮೀನುಗಾರರಲ್ಲ. ಆರು ದಿನ ತಕ್ಕಡಿ ಹಿಡಿದು ಏಳನೆಯ ದಿನ ಗಾಳ ಹಿಡಿಯುವವರು.

ಹೋಗುವುದು ಎಲ್ಲಿಗೆ? ಅದು ಊರಿನ ಮೇಲೆ ಹೋಗುತ್ತದೆ. ನರಗುಂದದವರಿಗೆ ಕೊಣ್ಣೂರ ಹತ್ತಿರ. ಹುಬ್ಬಳ್ಳಿ-ವಿಜಯಪುರ ಹೆದ್ದಾರಿಯ ಬಸ್ ಹತ್ತಿದರೆ ಮಲಪ್ರಭೆಯ ಸೇತುವೆಯ ಹತ್ತಿರವೇ ಇಳಿಯಬಹುದು. ರೋಣದವರು ಹೊಳೆಆಲೂರಿಗೆ, ಇಲ್ಲವೆ ಬೆಣ್ಣಿಹಳ್ಳ ಬಂದು ಮಲಪ್ರಭೆಗೆ ಕೂಡುವ ಮೆಣಸಗಿಯ ಕಡೆಗೆ. ಗಜೇಂದ್ರಗಡದವರ ಪಾಡು ಬೇರೆ. ಗುಡ್ಡ ಉಂಟು, ಕೋಟೆ ಉಂಟು, ಕಾಲಕಾಲೇಶ್ವರ ಉಂಟು, ಹೊಳೆ ಮಾತ್ರ ಇಲ್ಲ. ಹೀಗಾಗಿ ಅವರದು ದೂರದ ಸವಾರಿ: ಕುಷ್ಟಗಿ ದಾರಿ ಹಿಡಿದು ಮುನಿರಾಬಾದಿನ ತನಕ, ತುಂಗಭದ್ರೆಯ ಹಿನ್ನೀರಿಗೆ. ನಾಲ್ಕು ಮಂದಿ, ಎರಡು ಮೋಟರ್ ಸೈಕಲ್ಲು, ಹಿಂದೆ ಕೂತವನ ಕೈಯಲ್ಲಿ ಕೋಲಿನ ಕಟ್ಟು. ಕುಷ್ಟಗಿಯಲ್ಲಿ ಇಳಿದು ಬಿಸಿ ಮಿರ್ಚಿಭಜಿ, ಚುರುಮುರಿ, ಒಂದೊಂದು ಕಪ್ಪು ಚಹಾ. ಮೀನು ಸಿಗದಿದ್ದರೂ ಹೋದ ಸಾರ್ಥಕ ಅರ್ಧ ಅಲ್ಲಿಗೇ ಆಗಿಬಿಡುತ್ತದೆ.

ಬಸ್ಸಿನಲ್ಲಿ ಹೋಗುವವರ ಹಾಡು ಮತ್ತೊಂದು. ಎಂಟು ಹತ್ತು ಫೂಟಿನ ಬಿದಿರು ಕೋಲನ್ನು ಬಸ್ಸಿನೊಳಗೆ ತೂರಿಸುವುದೆಂದರೆ ಲಗ್ನದ ಚಪ್ಪರದ ಗಳ ತೂರಿಸಿದಂತೆಯೇ. ಮುಂದಿನ ಸೀಟಿನವರ ಟೊಪ್ಪಿಗೆ ಹಾರುತ್ತದೆ, ಕಂಡಕ್ಟರರ ಸಿಟ್ಟು ಏರುತ್ತದೆ. ಒಂದರೊಳಗೊಂದು ಸೇರುವ ಫೈಬರ್ ಕೋಲು ಬಂದ ಮೇಲೆ ಈ ತಾಪತ್ರಯ ಕಡಿಮೆಯಾಗಿದೆ. ಮಡಚಿದರೆ ಛತ್ರಿಯಷ್ಟು, ಬಿಚ್ಚಿದರೆ ಆಳೆರಡು ಉದ್ದ. ಆದರೆ ಹೋಗುವಾಗಿನ ಕೋಲಿಗಿಂತ ಬರುವಾಗಿನ ಚೀಲದ್ದೇ ದೊಡ್ಡ ತಕರಾರು. ‘ಏನೈತ್ರೀ ಚೀಲದಾಗ?’ ‘ಏನಿಲ್ಲರಿ, ಕಾಯಿಪಲ್ಯ.’ ಕಾಯಿಪಲ್ಯಕ್ಕೆ ಅಂಥ ವಾಸನೆ ಎಲ್ಲಿಯದು! ತಿಳಿದವರು ಹೊಳೆದಂಡೆಯಲ್ಲೇ ಮೀನು ಹಸನು ಮಾಡಿ, ಉಪ್ಪು ಅರಿಷಿಣ ಸವರಿ, ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿ ತರುತ್ತಾರೆ. ಇನ್ನೂ ತಿಳಿದವರು ಅಲ್ಲೇ ತಿಂದು ಖಾಲಿ ಕೈಯಲ್ಲಿ ಬರುತ್ತಾರೆ.

ಸಾಮಾನಿನ ವಿಷಯಕ್ಕೆ ಬಂದರೆ, ರೀಲು ಹಚ್ಚಿದ ಹೊಸ ಕೋಲಿನ ಥಾಟು ಏನೇ ಇರಲಿ, ಹಳೆಯ ಕೈಗಳು ಇನ್ನೂ ಬಿದಿರನ್ನೇ ನೆಚ್ಚಿವೆ. ನೈಲಾನ್ ದಾರ, ಸೀಸದ ಗುಂಡು, ಮೇಲೆ ತೇಲಲು ಜೋಳದ ದಂಟಿನ ಬೆಂಡು – ಇಷ್ಟಾದರೆ ಆಯಿತು. ಎರೆಹೊಲ ಎಂದು ಹೆಸರಿದ್ದರೂ ಎರೆಹುಳು ಸಿಗುವುದು ತಿಪ್ಪೆಯ ಅಂಚಿನಲ್ಲಿ, ಬಚ್ಚಲ ನೀರು ಹರಿಯುವ ಕಡೆ. ಹುಳು ಮುಟ್ಟಲು ಹೇಸುವವರು ಗೋಧಿಹಿಟ್ಟಿಗೆ ಶೇಂಗಾ ಹಿಂಡಿ, ಚೂರು ಬೆಲ್ಲ ಸೇರಿಸಿ ಉಂಡೆ ಕಟ್ಟುತ್ತಾರೆ. ಹಿಂಡಿಯ ವಾಸನೆಗೆ ರೋಹು, ಮೃಗಾಲ್ ಬರುತ್ತವೆ. ಕಾಟ್ಲಾ ಮೇಲುನೀರಿನದು, ಅದರ ಬಾಯಿಯೇ ಮೇಲ್ಮುಖ. ರೋಹು ನಡುನೀರಿನದು. ಮೃಗಾಲ್ ತಳದ ಕೆಸರು ಕೆದಕುವುದು. ಗಾಳ ಎಷ್ಟು ಆಳಕ್ಕೆ ಬಿಡಬೇಕೆಂಬ ಲೆಕ್ಕ ಇದರಲ್ಲೇ ಇದೆ. ಕೊರವ ಬೇಕಾದವರು ಹುಲ್ಲು, ಜೊಂಡು ಬೆಳೆದ ಕಡೆ ಕೂಡಬೇಕು. ಅದು ಮೇಲೆ ಬಂದು ಗಾಳಿ ಕುಡಿಯುವ ಮೀನು, ಗುಳಕ್ಕೆಂದು ಸಪ್ಪಳ ಮಾಡಿ ತನ್ನ ಜಾಗ ತಾನೇ ಹೇಳಿಕೊಡುತ್ತದೆ. ಚೇಳುಮೀನು ಸಿಕ್ಕರೆ ಕೈ ಹುಷಾರು. ರೆಕ್ಕೆಯ ಮುಳ್ಳು ತಾಗಿದರೆ ತಾಸುಗಟ್ಟಲೆ ಉರಿ. ತಾಳುವಷ್ಟು ಬಿಸಿನೀರಿನಲ್ಲಿ ಕೈ ಅದ್ದಿಟ್ಟರೆ ನೋವು ಇಳಿಯುತ್ತದೆ.

ಇಲ್ಲೊಂದು ಮೋಜಿನ ಸಂಗತಿ. ಈ ಸೀಮೆಯ ಕೆರೆಗಳಲ್ಲಿ ಸಿಗುವ ಮೀನುಗಳಲ್ಲಿ ಹೆಚ್ಚಿನವು ಇಲ್ಲಿಯವೇ ಅಲ್ಲ. ರೋಹು, ಕಾಟ್ಲಾ, ಮೃಗಾಲ್ ಮೂರೂ ಗಂಗಾ ಬಯಲಿನ ಮೂಲದವು. ಜಿಲೇಬಿ ಮೀನು 1952ರಲ್ಲಿ ಭಾರತಕ್ಕೆ ತಂದದ್ದು, ಅದರ ತವರು ಆಫ್ರಿಕಾ. ರೋಹು ಜಾತಿಯವು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ, ಹರಿಯುವ ಹೊಸ ಪ್ರವಾಹವೇ ಬೇಕು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಆಲಿಕುಂಞಿ ಚುಚ್ಚುಮದ್ದಿನಿಂದ ಮೀನುಗಳನ್ನು ಮೊಟ್ಟೆಗೆ ಎಬ್ಬಿಸಿದ ಮೇಲೆ, ಮರಿ ಸಾಕಿ ಊರೂರ ಕೆರೆಗೆ ಬಿಡುವುದು ಸಾಧ್ಯವಾಯಿತು. ಅಂದರೆ ಕೆರೆಯ ಮೀನು ‘ದೇವರು ಕೊಟ್ಟದ್ದು’ ಅಲ್ಲ. ಯಾರೋ ರೊಕ್ಕ ಹಾಕಿ ಮರಿ ಬಿಟ್ಟು, ಕೆರೆಯನ್ನು ಗುತ್ತಿಗೆ ಹಿಡಿದಿರುತ್ತಾರೆ. ಬಹಳ ಕಡೆ ಅದು ಮೀನುಗಾರರ ಸಹಕಾರಿ ಸಂಘ, ಅದರ ಹಿಂದೆ ಬಲೆಯನ್ನೇ ನಂಬಿದ ಅಂಬಿಗರ ಮನೆಗಳು. ಹವ್ಯಾಸದವರು ಕೇಳದೇ ಹೋಗಿ ಗಾಳ ಬಿಟ್ಟರೆ ಅದು ಹವ್ಯಾಸ ಅಲ್ಲ, ಕಳವು. ಕೇಳಿದರೆ ಇಲ್ಲ ಅನ್ನುವವರು ಕಡಿಮೆ. ‘ಎರಡ ಹಿಡಕೋರಿ, ಸಣ್ಣವನ್ನ ವಾಪಸ್ ಬಿಡ್ರಿ’ ಅನ್ನುತ್ತಾರೆ, ಅಷ್ಟೆ. ಸಿಡಿಮದ್ದು, ವಿಷ ಹಾಕಿ ಮೀನು ಕೊಲ್ಲುವವರದು ಮಾತ್ರ ಬೇರೆಯೇ ಜಾತಿ. ಅದು ಅಪರಾಧವೆಂದು 1897ರ ಕಾಯ್ದೆಯಲ್ಲೇ ಬರೆದಿದೆ. ನೂರಿಪ್ಪತ್ತೈದು ವರ್ಷ ದಾಟಿದರೂ ಕೆಲವರ ಕಿವಿಗೆ ಅದು ಬಿದ್ದಿಲ್ಲ.

ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದ ಸುದ್ದಿಯನ್ನು ಗಾಳದ ಮಂದಿ ಇಂದಿಗೂ ಪುರಾಣದಂತೆ ಹೇಳುತ್ತಾರೆ. ಕಾವೇರಿಯ ಆ ಗೂನುಬೆನ್ನಿನ ಮಹಶೀರ್ 2018ರಲ್ಲಿ ಅಳಿವಿನ ಅಂಚಿನ ಪಟ್ಟಿಗೆ ಸೇರಿತು. ನಮ್ಮ ಬಯಲುಸೀಮೆಯ ಗಾಳಕ್ಕೆ ಅಂಥ ದೊಡ್ಡ ಆಸೆ ಇಲ್ಲ. ಎರಡು ಕಿಲೋದ ರೋಹು ಬಿದ್ದರೆ ಆ ಮನುಷ್ಯ ವಾರವೆಲ್ಲ ಅಂಗಡಿಯ ಗಲ್ಲಾದ ಮೇಲೆ ಮೀಸೆ ತಿರುವುತ್ತಾನೆ. ಸೋಮವಾರಕ್ಕೆ ಎರಡು ಕಿಲೋ ಇದ್ದದ್ದು ಶನಿವಾರದ ಹೊತ್ತಿಗೆ ನಾಲ್ಕು ಕಿಲೋ ಆಗಿರುತ್ತದೆ. ತಕ್ಕಡಿ ಅವನದೇ ಅಲ್ಲವೆ!

ಇನ್ನು ಊಟ. ಈ ಹವ್ಯಾಸದ ಅಸಲು ರುಚಿ ಇರುವುದೇ ಇಲ್ಲಿ. ಈ ಭಾಗದ ಬಹಳ ಮನೆಗಳಲ್ಲಿ ಮೀನು ಒಳಗೆ ಬರುವಂತಿಲ್ಲ. ಹೀಗಾಗಿ ಅಡಿಗೆ ಆಗುವುದು ಹೊಳೆದಂಡೆಯಲ್ಲೇ: ಮೂರು ಕಲ್ಲಿನ ಒಲೆ, ಹತ್ತಿಕಟಿಗಿಯ ಉರಿ, ಒಂದು ಹಂಚು, ಒಂದು ಬೋಗುಣಿ. ಕೆರೆಮೀನಿಗೆ ಕೆಸರು ವಾಸನೆ ಇದ್ದೇ ಇರುತ್ತದೆ. ಹುಣಸೆರಸದಲ್ಲಿ ಅರ್ಧ ತಾಸು ನೆನೆಸಿದರೆ ಅದು ಹೋಗುತ್ತದೆ. ಬ್ಯಾಡಗಿ ಖಾರಪುಡಿ, ಬೆಳ್ಳುಳ್ಳಿ, ಹುರಿದ ಒಣಕೊಬ್ಬರಿ, ಚೂರು ಗುರೆಳ್ಳು ಪುಡಿ ಹಾಕಿ ಗಟ್ಟಿ ಸಾರು. ಸಣ್ಣ ಮೀನಾದರೆ ರವೆಯಲ್ಲಿ ಹೊರಳಿಸಿ ಹಂಚಿನ ಮೇಲೆ. ಜೊತೆಗೆ ಮನೆಯಿಂದ ಬಂದ ಜೋಳದ ರೊಟ್ಟಿ, ರಂಜಕ, ಶೇಂಗಾ ಚಟ್ನಿ, ಉಳ್ಳಾಗಡ್ಡಿ, ಗಡಿಗೆಯ ಮೊಸರು. ಕರಾವಳಿಯವರು ಅನ್ನದೊಳಗೆ ಕಲಸಿ ಬೆರಳಿನಿಂದಲೇ ಮುಳ್ಳು ಹುಡುಕುತ್ತಾರೆ. ಇಲ್ಲಿ ರೊಟ್ಟಿಯ ತುಣುಕಿನಲ್ಲಿ ಹಿಡಿದು ತಿನ್ನುವುದರಿಂದ ಬೆರಳಿಗೆ ಮುಳ್ಳಿನ ಸುಳಿವು ಹತ್ತುವುದಿಲ್ಲ. ಹೊಸಬರು ಒಮ್ಮೆಯಾದರೂ ಗಂಟಲು ಹಿಡಿದುಕೊಂಡು ಒಣರೊಟ್ಟಿ ನುಂಗುವ ಪ್ರಸಂಗ ಬಂದೇ ಬರುತ್ತದೆ. ಗುಂಪಿನಲ್ಲಿ ಶಾಖಾಹಾರಿ ಒಬ್ಬ ಇದ್ದೇ ಇರುತ್ತಾನೆ. ಅವನು ಗಾಳ ಹಾಕಲು ಎಲ್ಲರಿಗಿಂತ ಮುಂದು, ಊಟಕ್ಕೆ ಮಾತ್ರ ಬದನೆಕಾಯಿ ಎಣಗಾಯಿ ಡಬ್ಬಿ ತೆಗೆದುಕೊಂಡು ದೂರದ ಕಲ್ಲಿನ ಮೇಲೆ.

ಈ ಸುಖಕ್ಕೆಲ್ಲ ಒಂದು ಕೀಲಿ ಇದೆ, ಆ ಕೀಲಿ ಇರುವುದು ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ. ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುವ ಮಲಪ್ರಭೆಗೆ 1972ರಲ್ಲಿ ಅಲ್ಲಿ ಆಣೆಕಟ್ಟು ಮುಗಿಯಿತು. ಹಿಡಿಸುವ ನೀರು 37.73 ಟಿಎಂಸಿ. ಅಲ್ಲಿಂದ ಈಚೆಗೆ ಕೊಣ್ಣೂರ, ಹೊಳೆಆಲೂರಿನ ಹೊಳೆ ಮಳೆಯ ಮಾತಿಗಿಂತ ಗೇಟಿನ ಮಾತನ್ನೇ ಹೆಚ್ಚು ಕೇಳುತ್ತದೆ. ಬಿಡದಿದ್ದರೆ ಬೇಸಿಗೆಯಲ್ಲಿ ಹೊಳೆ ಎಂಬುದು ಬರೀ ಮಡುಗಳ ಸಾಲು. ಕಾಲುವೆ ನೀರಿನ ಕರದ ಜಗಳದಲ್ಲಿ 1980ರ ಜುಲೈ 21ರಂದು ರೈತ ಗುಂಡಿಗೆ ಬಿದ್ದ ಊರು ನರಗುಂದ. ಮಹದಾಯಿ ನೀರಿಗಾಗಿ 2015ರ ಜುಲೈಯಿಂದ ಧರಣಿ ಕೂತ ಊರೂ ಅದೇ. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಎಂದು ಬರೆಯಿತು. ಅದರಲ್ಲಿ ಕಳಸಾ-ಬಂಡೂರಿಯಿಂದ ಮಲಪ್ರಭೆಗೆ ತಿರುಗಿಸಲು ಕೊಟ್ಟದ್ದು 3.9. ಇಂಥ ನೆಲದಲ್ಲಿ ನೀರಿನ ಮುಂದೆ ಗಾಳ ಹಿಡಿದು ಕೂಡುವವರನ್ನು ಕಂಡು ‘ಚೈನಿ ಮಾಡಾಕತ್ತಾರ ನೋಡ್ರಿ’ ಎಂದು ಮೂಗು ಮುರಿಯುವವರೂ ಇದ್ದಾರೆ. ಆದರೆ ಹೊಳೆ ಎಷ್ಟು ಬತ್ತಿತು, ಯಾವ ಮಡು ಮುಚ್ಚಿತು, ನೀರಿನ ಬಣ್ಣ ಯಾವಾಗ ಕೆಟ್ಟಿತು ಎಂಬುದು ಮೊದಲು ತಿಳಿಯುವುದು ಈ ಚೈನಿಯವರಿಗೇ.

ಗೇಟು ತೆರೆದರೆ ಇನ್ನೊಂದು ಕಥೆ. ಖಾನಾಪುರದ ಕಾಡಿನಲ್ಲಿ ಮಳೆ ಹೊಡೆಯುವಾಗ ಹೊಳೆಆಲೂರಿನಲ್ಲಿ ಸುಡುಬಿಸಿಲು ಇರಬಹುದು. ಬೆಣ್ಣಿಹಳ್ಳವಂತೂ ಹುಬ್ಬಳ್ಳಿ, ನವಲಗುಂದ ಕಡೆಯ ಮಳೆಗೆ ಇಲ್ಲಿ ಉಕ್ಕುತ್ತದೆ. ಹೊಳೆಯ ನಡುವಿನ ಕಲ್ಲುಬಂಡೆಯ ಮೇಲೆ ಕೂತು ಬೆಂಡಿನ ಮೇಲೆ ಕಣ್ಣು ನೆಟ್ಟವನಿಗೆ ಹಿಂದಿನ ನೀರು ಏರಿದ್ದು ಗೊತ್ತಾಗುವುದಿಲ್ಲ. ದಂಡೆಗೂ ಅವನಿಗೂ ನಡುವೆ ಒಮ್ಮೆ ಎದೆಮಟ್ಟ ಬಂದರೆ ಮುಗಿಯಿತು. 2009ರ ಪ್ರವಾಹ ಮರೆತವರು 2019ರ ಆಗಸ್ಟ್ ಅನ್ನಾದರೂ ನೆನೆಯಬೇಕು. ಆಗ ಲಖಮಾಪುರ, ವಾಸನ, ಕೊಣ್ಣೂರ, ಹೊಳೆಆಲೂರ, ಮೆಣಸಗಿ ನೀರಲ್ಲಿ ನಿಂತವು, ಕೊಣ್ಣೂರ ಹತ್ತಿರ ಹೆದ್ದಾರಿಯ ಸಂಚಾರವೇ ನಿಂತಿತು. ತುಂಗಭದ್ರೆಗೆ ಹೋಗುವ ಗಜೇಂದ್ರಗಡದವರಿಗೂ ಪಾಠ ಇದೆ: 2024ರ ಆಗಸ್ಟ್ 10ರ ರಾತ್ರಿ ಅಲ್ಲಿಯ 19ನೆಯ ಗೇಟು ಯಾರಿಗೂ ಹೇಳದೆ ಕೊಚ್ಚಿಹೋಯಿತು. ಹೊರಡುವ ಮುಂಚೆ ಡ್ಯಾಮಿನಿಂದ ನೀರು ಬಿಟ್ಟಾರೋ ಇಲ್ಲೋ ಎಂದು ಕೇಳಿಕೊಳ್ಳುವುದು ಎರೆಹುಳದ ಡಬ್ಬಿಗಿಂತ ಮುಖ್ಯ. ಹೊಲದ ಕೃಷಿ ಹೊಂಡವನ್ನೂ ಹಗುರ ತಿಳಿಯಬಾರದು. ಪ್ಲಾಸ್ಟಿಕ್ ಹಾಸಿದ ಹೊಂಡದ ಇಳಿಜಾರು ಸಾಬೂನಿನಂತೆ ಜಾರುತ್ತದೆ, ಬಿದ್ದವನಿಗೆ ಹಿಡಿಯಲು ಒಂದು ಹುಲ್ಲುಕಡ್ಡಿಯೂ ಇರುವುದಿಲ್ಲ. ಹಗ್ಗವೊಂದನ್ನು ಗೂಟಕ್ಕೆ ಬಿಗಿದು ಒಳಗೆ ಇಳಿಬಿಡಬೇಕು, ಮಕ್ಕಳನ್ನು ಒಂಟಿಯಾಗಿ ಕಳಿಸಬಾರದು.

ಒಳ್ಳೆಯದೆಂದರೆ ಊರಿನ ಪಂಚಾಂಗವೇ ಗಾಳಕ್ಕೆ ಕಡಿವಾಣ ಹಾಕಿದೆ. ಮುಂಗಾರಿನ ಹೊಸ ನೀರು ಬಂದಾಗ ಮೀನು ಮೊಟ್ಟೆ ಹೊತ್ತು ಏರುತ್ತದೆ. ಹೊಳೆ ತುಂಬಿ ಅಪಾಯ ಇರುವುದೂ ಆಗಲೇ. ಹಿಂದೆಯೇ ಶ್ರಾವಣ ಬಂತು, ಮಾಂಸ ಮೀನು ತಿನ್ನುವವರೂ ಬಹಳ ಮಂದಿ ಆಗ ಬಾಯಿ ಕಟ್ಟುತ್ತಾರೆ. ಆ ದಿನಗಳಲ್ಲಿ ಏರುಮೀನು ಹಿಡಿಯುವುದೆಂದರೆ ಬೀಜದ ಜೋಳವನ್ನೇ ಕುಟ್ಟಿ ರೊಟ್ಟಿ ಬಡಿದಂತೆ. ಕೊರವದ ಕೆಂಪು ಮರಿಗಳ ಹಿಂಡು ನೀರ ಮೇಲೆ ಕಂಡರೆ ಕೆಳಗೆ ತಾಯಿ-ತಂದೆ ಕಾವಲಿರುತ್ತವೆ. ಆ ಜಾಗದಲ್ಲಿ ಗಾಳ ಬಿಡುವವನನ್ನು ಉಳಿದವರು ಚಹಾಕ್ಕೂ ಕರೆಯುವುದಿಲ್ಲ.

ಶ್ರಾವಣ ಮುಗಿದು, ದಸರೆ ದಾಟಿ, ಹಿಂಗಾರಿ ಕಡಲೆ ಜೋಳದ ಬಿತ್ತಿಗೆ ಆದ ಮೇಲೆ ನೀರು ತಿಳಿಯಾಗುತ್ತದೆ, ಬೆಳಗಿನ ಥಂಡಿ ಹಿತವಾಗುತ್ತದೆ. ಅಟ್ಟದ ಮೇಲಿನ ಕೋಲು ಕೆಳಗಿಳಿಯುತ್ತದೆ, ಹಳೆಯ ದಾರ ಬದಲಾಗುತ್ತದೆ, ಯಾರ ಮನೆಯಿಂದ ರೊಟ್ಟಿ, ಯಾರ ಮನೆಯಿಂದ ರಂಜಕ ಎಂಬ ಹಂಚಿಕೆ ನಡೆಯುತ್ತದೆ. ಕೊಣ್ಣೂರಿಗೆ ಹೋಗುವವರು ಮುಂಜಾನೆಯ ಮೊದಲ ಬಸ್ಸಿಗೇ ಹೋಗಬೇಕು. ಬಿಸಿಲು ಏರಿದ ಮೇಲೆ ರೋಹು ಬಾಯಿ ಹಾಕುವುದಿಲ್ಲ.