ಕನ್ನಡಕ ತೊಟ್ಟ ಮಕ್ಕಳಲ್ಲಿ ಸಮೀಪದೃಷ್ಟಿಯ ವೃದ್ಧಿ: ಒಂದು ಹಳೆಯ ಸಂಶಯದ ಚರಿತ್ರೆ

ಮಗುವಿಗೆ ಎಂಟು ಒಂಬತ್ತನೆಯ ವಯಸ್ಸಿನಲ್ಲಿ ಕನ್ನಡಕ ಬರುತ್ತದೆ. ಮರುವರ್ಷ ಪರೀಕ್ಷೆ ಮಾಡಿಸಿದರೆ ಗಾಜು ಬದಲಾಗುತ್ತದೆ. ಅದರ ಮರುವರ್ಷ ಮತ್ತೊಮ್ಮೆ. ಒಂದು ಇದ್ದ ‘ನಂಬರು’ ಎರಡಾಗಿ, ಎರಡು ಮೂರಾಗಿ, ಹದಿನಾಲ್ಕು ಹದಿನೈದರ ವೇಳೆಗೆ ಎಷ್ಟೋ ಮಕ್ಕಳಲ್ಲಿ ನಾಲ್ಕೈದನ್ನು ಮುಟ್ಟುತ್ತದೆ. ಆಗ ಮನೆಯ ಹಿರಿಯರು ಆಡುವ ಮಾತು ಬಹುಮಟ್ಟಿಗೆ ಒಂದೇ: “ಕನ್ನಡಕ ಹಾಕಿಸಿದ್ದರಿಂದಲೇ ಕಣ್ಣು ಕೆಟ್ಟಿತು, ಹಾಕಿಸದೆ ಇದ್ದಿದ್ದರೆ ತಾನೇ ಸರಿಹೋಗುತ್ತಿತ್ತು.” ಈ ಮಾತನ್ನು ನಂಬಿ ಕನ್ನಡಕವನ್ನು ಪೆಟ್ಟಿಗೆಯಲ್ಲಿಟ್ಟ ಮನೆಗಳು ಉಂಟು, ಬೇಕಾದುದಕ್ಕಿಂತ ಕಡಮೆ ಶಕ್ತಿಯ ಗಾಜನ್ನು ಕೇಳಿ ಪಡೆಯುವವರೂ ಉಂಟು. ಹೆಣ್ಣುಮಕ್ಕಳ ವಿಷಯದಲ್ಲಂತೂ ಮದುವೆಯ ಚಿಂತೆಯೂ ಇದಕ್ಕೆ ಬಂದು ಕೂಡಿಕೊಳ್ಳುತ್ತದೆ.

ಚರಿತ್ರೆಯ ಅಧ್ಯಾಪಕರಾದ ನಮಗೆ ನೇತ್ರವೈದ್ಯದಲ್ಲಿ ಯಾವ ಅಧಿಕಾರವೂ ಇಲ್ಲ. ಆದರೆ ಒಂದು ಅಭಿಪ್ರಾಯ ಎಲ್ಲಿ ಹುಟ್ಟಿತು, ಯಾವ ಆಧಾರದ ಮೇಲೆ ನಿಂತಿತು, ಆ ಆಧಾರ ಎಷ್ಟು ಗಟ್ಟಿ ಎಂಬುದನ್ನು ವಿಚಾರಿಸುವುದು ನಮ್ಮ ಕಸುಬೇ ಆಗಿದೆ. ಪ್ರಕೃತ ಲೇಖನದ ವ್ಯಾಪ್ತಿ ಅಷ್ಟೇ.

ಮೊದಲು ಹೆಸರಿನಿಂದ ಪ್ರಾರಂಭಿಸೋಣ. ನಮ್ಮಲ್ಲಿ ಹಳಬರು ಕನ್ನಡಕವನ್ನು ‘ಚಾಳೀಸು’ ಎನ್ನುತ್ತಿದ್ದರು. ಚಾಳೀಸು ಎಂದರೆ ನಲವತ್ತು. ನಲವತ್ತು ದಾಟಿದವರಿಗೆ ಹತ್ತಿರದ ಅಕ್ಷರ ಕಾಣದಾದಾಗ ಬೇಕಾಗುವ ಪೀನ ಮಸೂರದ ಗಾಜಿಗೆ ಆ ಹೆಸರು ಒಪ್ಪುತ್ತದೆ. ಯೂರೋಪಿನಲ್ಲಿಯೂ ಕನ್ನಡಕದ ಚರಿತ್ರೆ ಹೀಗೆಯೇ ಮುದುಕರಿಂದ ಮೊದಲಾಗುತ್ತದೆ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಇಟಲಿಯಲ್ಲಿ ತಯಾರಾದುವು ಓದುಗಾಜುಗಳು. ದೂರದೃಷ್ಟಿಗೆ ನೆರವಾಗುವ ನಿಮ್ನ ಮಸೂರ ಬಳಕೆಗೆ ಬಂದುದು ಹದಿನೈದನೆಯ ಶತಮಾನದಲ್ಲಿ. ಸುಮಾರು 1518ರಲ್ಲಿ ರಾಫೇಲನು ಬರೆದ ಹತ್ತನೆಯ ಲಿಯೋ ಪೋಪನ ಚಿತ್ರದಲ್ಲಿ ಆತನ ಕೈಯಲ್ಲಿ ಇಂಥ ಗಾಜೊಂದಿದೆ. ಹೆಚ್ಚು ಕಡಮೆ ಅದೇ ಕಾಲಕ್ಕೆ ನಮ್ಮ ವಿಜಯನಗರದಲ್ಲಿ ವ್ಯಾಸರಾಯರು ಉಪನೇತ್ರದ ಸಹಾಯದಿಂದ ಗ್ರಂಥ ಓದುತ್ತಿದ್ದರೆಂಬ ಉಲ್ಲೇಖ ಸೋಮನಾಥ ಕವಿಯ ‘ವ್ಯಾಸಯೋಗಿಚರಿತ’ದಲ್ಲಿರುವುದನ್ನು ಪಿ. ಕೆ. ಗೋಡೆಯವರು ಎತ್ತಿ ತೋರಿಸಿದ್ದಾರೆ. ಅದು ವಯಸ್ಸಾದ ವಿದ್ವಾಂಸರ ಓದುಗಾಜೆಂದೇ ಊಹಿಸಬೇಕು. ಚಾಳೀಸು ಮುಪ್ಪಿನ ಗುರುತಾಗಿದ್ದ ಸಮಾಜದಲ್ಲಿ ಎಂಟು ವರ್ಷದ ಮಗುವಿನ ಮುಖದ ಮೇಲೆ ಅದನ್ನು ಕಂಡವರಿಗೆ ಅಪಶಕುನವೆನಿಸಿದ್ದರೆ ಆಶ್ಚರ್ಯವಿಲ್ಲ. ‘ಸೋಡಾಬುಡ್ಡಿ’ ಎಂದು ಹಾಸ್ಯಮಾಡುವ ಶಾಲಾಬಾಲಕರಿಗೆ ಈ ಪೂರ್ವೇತಿಹಾಸ ತಿಳಿಯದು.

ಸಂಶಯವು ಶಾಸ್ತ್ರೀಯ ಬರಹದಲ್ಲಿ ಸ್ಪಷ್ಟವಾಗಿ ಕಾಣಿಸಿಕೊಳ್ಳುವ ಒಂದು ಸಂದರ್ಭ 1813ನೆಯ ಇಸವಿ. ಲಂಡನ್ನಿನ ನೇತ್ರವೈದ್ಯ ಜೇಮ್ಸ್ ವೇರ್ ಎಂಬಾತನ ಒಂದು ಪ್ರಬಂಧವನ್ನು ರಾಯಲ್ ಸೊಸೈಟಿ ಪ್ರಕಟಿಸಿತು. ಕಾಲಾಳು ದಳದ ಸುಮಾರು ಹತ್ತುಸಾವಿರ ಸಿಪಾಯಿಗಳಲ್ಲಿ ಸಮೀಪದೃಷ್ಟಿಯವರು ಆರು ಮಂದಿಯೂ ತಿಳಿದುಬಂದಿರಲಿಲ್ಲ. ಚೆಲ್ಸಿಯ ಸೈನಿಕ ಶಾಲೆಯ 1,300 ಮಕ್ಕಳಲ್ಲಿ ತೊಂದರೆ ಹೇಳಿಕೊಂಡವರು ಮೂವರು. ಆಕ್ಸ್‌ಫರ್ಡಿನ ಒಂದು ಕಾಲೇಜಿನಲ್ಲಾದರೋ 127 ಮಂದಿಯಲ್ಲಿ 32 ಮಂದಿ ಕೈಗಾಜನ್ನೋ ಕನ್ನಡಕವನ್ನೋ ಬಳಸುತ್ತಿದ್ದರು. ಬಡವರು ಗಾಜಿನ ಗೊಡವೆಗೆ ಹೋಗದೆ ಕಣ್ಣಿಗೆ ಶ್ರಮಕೊಟ್ಟು ದೋಷವನ್ನು ಗೆಲ್ಲುತ್ತಾರೆ, ಮೇಲುವರ್ಗದವರು ಗಾಜಿಗೆ ಕೈಹಾಕಿ ಕಣ್ಣನ್ನು ಅದಕ್ಕೇ ಒಗ್ಗಿಸಿಬಿಡುತ್ತಾರೆ ಎಂಬುದು ವೇರನ ಅಭಿಪ್ರಾಯ. ನಮ್ಮ ಮನೆಯ ಅಜ್ಜಿಯರ ಮಾತು ಇದೇ ತಾನೆ!

ಆದರೆ ಆಧಾರವನ್ನು ತೂಗಿ ನೋಡಬೇಕು. ವೇರನು ಸಿಪಾಯಿಗಳ ಕಣ್ಣನ್ನು ಅಳೆದವನಲ್ಲ. ದಳದ ವೈದ್ಯರನ್ನು ವಿಚಾರಿಸಿ ಬರೆದುಕೊಂಡವನು. ದೂರದ ಹಲಗೆಯನ್ನು ಓದಬೇಕಾದ ಪ್ರಸಂಗವೇ ಬಾರದ ಸಿಪಾಯಿ ತನ್ನ ದೃಷ್ಟಿ ಮಸುಕೆಂದು ಯಾರಿಗೆ ದೂರಿಯಾನು? ಅದಿರಲಿ, ಗಾಜು ಇದ್ದವರೂ ಗ್ರಂಥ ಇದ್ದವರೂ ಒಬ್ಬರೇ ಆಗಿರುವ ಕಡೆ ದೋಷ ಗಾಜಿನದೋ ಗ್ರಂಥದ್ದೋ ಎಂಬುದನ್ನು ಬೇರ್ಪಡಿಸುವ ದಾರಿ ವೇರನ ಅಂಕಿಗಳಲ್ಲಿ ಇಲ್ಲ.

ಆ ದಾರಿಯನ್ನು ತೆರೆದವನು ಹೆರ್ಮನ್ ಕೋನ್. ಇಂದು ಪೋಲೆಂಡಿಗೆ ಸೇರಿರುವ, ಅಂದು ಪ್ರಷ್ಯದ ನಗರವಾಗಿದ್ದ ಬ್ರೆಸ್ಲೌವಿನ ಈ ವೈದ್ಯನು 10,060 ಶಾಲಾಮಕ್ಕಳ ಕಣ್ಣುಗಳನ್ನು ಪರೀಕ್ಷಿಸಿ 1867ರಲ್ಲಿ ಫಲಿತಾಂಶವನ್ನು ಪ್ರಕಟಿಸಿದನು. ಇವನು ಕನ್ನಡಕಗಳನ್ನು ಎಣಿಸಲಿಲ್ಲ, ಕಣ್ಣುಗಳನ್ನು ಪರೀಕ್ಷಿಸಿದನು, ಭೇದ ಅಲ್ಲಿದೆ. ಹಳ್ಳಿಯ ಶಾಲೆಗಳಲ್ಲಿ ಸಮೀಪದೃಷ್ಟಿ ನೂರಕ್ಕೆ 1.4, ಓದಿನ ಭಾರ ಅತ್ಯಧಿಕವಾಗಿದ್ದ ಗಿಮ್ನೇಸಿಯಂಗಳಲ್ಲಿ 26.2. ನಡುವಣ ಶಾಲೆಗಳು ಏಣಿಯ ಮೆಟ್ಟಿಲುಗಳಂತೆ ನಡುವೆಯೇ ನಿಂತುವು. ಒಂದೇ ಶಾಲೆಯೊಳಗೂ ಮೇಲುತರಗತಿಗೆ ಹೋದಂತೆಲ್ಲ ಪ್ರಮಾಣವೂ ದೋಷದ ತೀವ್ರತೆಯೂ ಏರಿದುವು. ದೋಷವು ವಿದ್ಯೆಯ ಬೆನ್ನು ಹತ್ತಿ ಬರುತ್ತದೆಂದು ಕೋನ್ ತೀರ್ಮಾನಿಸಿ, ಶಾಲೆಯ ಕಿಟಕಿ, ಮೇಜು, ಅಚ್ಚಿನ ಅಕ್ಷರದ ಗಾತ್ರ ಇವುಗಳ ಸುಧಾರಣೆಗೆ ಹೋರಾಡಿದನು.

ಈ ತೀರ್ಮಾನವನ್ನು ತುದಿಮುಟ್ಟ ಎಳೆದವರೂ ಇದ್ದರು. 1908ರಲ್ಲಿ ಲಂಡನ್ನಿನಲ್ಲಿ ಸಮೀಪದೃಷ್ಟಿಯ ಮಕ್ಕಳಿಗಾಗಿಯೇ ಪ್ರತ್ಯೇಕ ತರಗತಿಗಳು ಹುಟ್ಟಿಕೊಂಡುವು. ಅಲ್ಲಿ ಪುಸ್ತಕವನ್ನು ದೂರವಿಟ್ಟು ಪಾಠವನ್ನು ಬಾಯಿಂದಲೇ ಹೇಳಿಕೊಡುತ್ತಿದ್ದರು. ಬರವಣಿಗೆಯೆಲ್ಲ ಗೋಡೆಯ ಕಪ್ಪುಹಲಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ. ಈ ತರಗತಿಗಳು ಕಾಲಕ್ರಮದಲ್ಲಿ ಮರೆಯಾದುವು. 1920ರಲ್ಲಿ ಅಮೆರಿಕದ ವಿಲಿಯಂ ಬೇಟ್ಸ್ ಕನ್ನಡಕವೇ ಶತ್ರುವೆಂದು ಸಾರಿ ಕಣ್ಣಿನ ವ್ಯಾಯಾಮಗಳನ್ನು ಬೋಧಿಸಿದನು. 1942ರಲ್ಲಿ ಆಲ್ಡಸ್ ಹಕ್ಸ್‌ಲಿಯಂಥ ಲೇಖಕನೇ ಅದನ್ನು ಸಮರ್ಥಿಸಿ ಪುಸ್ತಕ ಬರೆದುದರಿಂದ ಆ ಮತಕ್ಕೆ ಇಲ್ಲದ ಗೌರವ ಬಂದಿತು. ದೃಷ್ಟಿಯನ್ನು ಹತ್ತಿರಕ್ಕೆ ಹೊಂದಿಸುವುದು ಕಣ್ಣಿನೊಳಗಿನ ಮಸೂರವಲ್ಲವೆಂಬುದು ಬೇಟ್ಸನ ವಾದದ ಅಡಿಗಲ್ಲು. ಅದನ್ನು ಹೊಂದಿಸುವುದು ಮಸೂರವೇ ಎಂದು ಥಾಮಸ್ ಯಂಗ್ 1801ರಲ್ಲಿಯೇ ತೋರಿಸಿಕೊಟ್ಟಿದ್ದನು. ಈ ಪಂಥದ ವಿಷಯದಲ್ಲಿ ಹೆಚ್ಚು ಕಾಲ ಕಳೆಯಬೇಕಾದುದಿಲ್ಲ.

ಹಾಗಾದರೆ ನಂಬರು ಏರುವುದೇಕೆ? ಹುಟ್ಟಿದ ಮಗುವಿನ ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಸುಮಾರು 17 ಮಿಲಿಮೀಟರ್ ಉದ್ದವಿರುತ್ತದೆ. ಬೆಳೆದವರಲ್ಲಿ ಸುಮಾರು 24. ಬೆಳವಣಿಗೆ ಹದವರಿತು ನಿಂತರೆ ದೂರದ ಬಿಂಬ ಅಕ್ಷಿಪಟಲದ ಮೇಲೆಯೇ ಬೀಳುತ್ತದೆ. ಗುಡ್ಡೆ ಮಿತಿಮೀರಿ ಉದ್ದವಾದರೆ ಬಿಂಬ ಪಟಲದ ಮುಂದೆಯೇ ಕೂಡಿ ದೂರದ ವಸ್ತು ಮಸುಕಾಗುತ್ತದೆ. ಒಂದು ಮಿಲಿಮೀಟರಿನ ಹೆಚ್ಚಳ ಎರಡೂವರೆಯಿಂದ ಮೂರು ಡಯಾಪ್ಟರಿನಷ್ಟು ದೋಷಕ್ಕೆ ಸಮ. ಕನ್ನಡಕ ಬರುವ ಎಂಟು ಒಂಬತ್ತನೆಯ ವಯಸ್ಸು ಮೈ ಬೆಳೆಯುವ ವಯಸ್ಸೂ ಹೌದು. ಉದ್ದವಾಗತೊಡಗಿದ ಕಣ್ಣು ಇನ್ನೂ ಕೆಲವು ವರ್ಷ ಉದ್ದವಾಗುತ್ತಲೇ ಹೋಗುತ್ತದೆ. ಅಂಗಿ ಹೊಲಿಸಿದ ಮೇಲೆ ಹುಡುಗ ಎತ್ತರವಾದನೆಂದು ಅಂಗಿಯನ್ನು ಯಾರೂ ದೂರುವುದಿಲ್ಲ. ‘ಇದಾದ ಮೇಲೆ ಅದು, ಆದಕಾರಣ ಇದರಿಂದಲೇ ಅದು’ ಎಂಬ ದೋಷಯುಕ್ತ ಅನುಮಾನದ ವಿರುದ್ಧ ಚರಿತ್ರೆಯ ವಿದ್ಯಾರ್ಥಿಗಳನ್ನು ನಾವು ದಿನವೂ ಎಚ್ಚರಿಸುತ್ತೇವೆ. ಇಲ್ಲಿಯೂ ಅದೇ ಎಚ್ಚರ ಬೇಕು.

ತರ್ಕ ಒಂದು ಕಡೆಯಿರಲಿ, ಪ್ರಯೋಗ ಏನು ಹೇಳುತ್ತದೆ? ಗಾಜು ಕಣ್ಣನ್ನು ಕೆಡಿಸುವುದಾದರೆ ಶಕ್ತಿ ಕಡಮೆಯಾದ ಗಾಜು ಕಡಮೆ ಕೆಡಿಸಬೇಕಷ್ಟೆ. ಮಲೇಷ್ಯದಲ್ಲಿ 9ರಿಂದ 14 ವರ್ಷದ 94 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಪೂರ್ಣಶಕ್ತಿಯ ಗಾಜನ್ನೂ ಇನ್ನೊಂದಕ್ಕೆ ಸುಮಾರು ಮುಕ್ಕಾಲು ಡಯಾಪ್ಟರ್ ಕಡಮೆ ಮಾಡಿದ ಗಾಜನ್ನೂ ಕೊಟ್ಟು ನೋಡಿದರು. ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಎರಡು ವರ್ಷಗಳಲ್ಲಿ ಪೂರ್ಣಗಾಜಿನವರ ದೋಷ 0.77 ಡಯಾಪ್ಟರ್ ಏರಿತ್ತು. ಕಡಮೆ ಗಾಜಿನವರದು 1.00. ನಿರೀಕ್ಷೆಗೆ ತೀರ ವಿರುದ್ಧ! ಗುಂಪುಗಳು ಚಿಕ್ಕವಾದುದರಿಂದ ಕಡಮೆ ಗಾಜೇ ಕೆಡುಕೆಂದು ಇದೊಂದರಿಂದ ಸಾಧಿಸಲಾಗದು. ಅದರಿಂದ ರಕ್ಷಣೆ ದೊರೆಯಲಿಲ್ಲವೆಂಬುದನ್ನಂತೂ ಒಪ್ಪಲೇಬೇಕು.

ಆದರೂ ಅಜ್ಜಿಯ ಮಾತಿನಲ್ಲಿ ಒಂದು ಕಾಳಿನಷ್ಟು ಸತ್ಯವಿದ್ದೀತೆಂದು ಈಚಿನ ಸಂಶೋಧನೆ ಸೂಚಿಸುತ್ತದೆ. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. 1977ರಲ್ಲಿ ವೀಸಲ್ ಮತ್ತು ರವಿಯೋಲ ಎಂಬ ವಿಜ್ಞಾನಿಗಳು ಮರಿಕೋತಿಗಳ ರೆಪ್ಪೆಯನ್ನು ಹೊಲಿದು ಮುಚ್ಚಿದಾಗ ಒಳಗಿನ ಕಣ್ಣು ಉದ್ದವಾಗಿ ಬೆಳೆದುದನ್ನು ಕಂಡರು. ಕೋಳಿಮರಿಗಳ ಕಣ್ಣಿಗೆ ಮಸೂರ ತೊಡಿಸಿ ನೋಡಿದವರು 1988ರಲ್ಲಿ ವರದಿ ಮಾಡಿದುದು ಇನ್ನೂ ವಿಸ್ಮಯಕರ: ಬಿಂಬವನ್ನು ಪಟಲದ ಹಿಂದಕ್ಕೆ ತಳ್ಳಿದರೆ ಕಣ್ಣು ಅದನ್ನು ಹಿಡಿಯಲೋ ಎಂಬಂತೆ ಉದ್ದವಾಗುತ್ತದೆ. ಕಣ್ಣಿನ ಬೆಳವಣಿಗೆಗೆ ದೃಷ್ಟಿಯೇ ಸೂತ್ರಧಾರಿ ಎಂದಾಯಿತು. ಸಾಮಾನ್ಯ ನಿಮ್ನ ಮಸೂರ ನಡುದೃಷ್ಟಿಯನ್ನು ತಿದ್ದಿದರೂ ಅಂಚಿನ ಬಿಂಬವನ್ನು ಪಟಲದ ಹಿಂದೆ ಬಿಡಬಹುದು, ಅದು ಬೆಳವಣಿಗೆಗೆ ಕುಮ್ಮಕ್ಕಾಗಬಹುದು ಎಂಬ ವಾದ ಇದರಿಂದ ಹುಟ್ಟಿತು. ಈ ತತ್ತ್ವದ ಮೇಲೆ ಹಾಂಗ್‌ಕಾಂಗ್ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದವರು, ನಡುವಿನ ಸುತ್ತ ನೂರಾರು ಕಿರುಮಸೂರಗಳನ್ನು ಕೂಡಿಸಿದ ಕನ್ನಡಕವೊಂದನ್ನು ರಚಿಸಿದರು. 2020ರಲ್ಲಿ ಪ್ರಕಟವಾದ ಎರಡು ವರ್ಷದ ಪ್ರಯೋಗದಲ್ಲಿ ಸಾಮಾನ್ಯ ಗಾಜಿನ ಮಕ್ಕಳಲ್ಲಿ ದೋಷ 0.85 ಏರಿದರೆ ಹೊಸ ಗಾಜಿನವರಲ್ಲಿ 0.41 ಮಾತ್ರ ಏರಿತು. ಪರಿಹಾರವಾಗಿ ಬಂದುದೂ ಕನ್ನಡಕವೇ ಎಂಬುದನ್ನು ವಾಚಕರು ಗಮನಿಸಬೇಕು. ಮಲಗುವಾಗ ಹಾಕುವ ಅತ್ಯಲ್ಪ ಪ್ರಮಾಣದ ಅಟ್ರೋಪಿನ್ ಹನಿಯೂ ವೇಗವನ್ನು ತಗ್ಗಿಸುತ್ತದೆ; ಅದು ವೈದ್ಯರ ಕೈಯಲ್ಲಿರಬೇಕಾದ ಔಷಧ.

ಇನ್ನು ಮೂಲಕಾರಣ. ತಂದೆತಾಯಿಗಳಿಂದ ಬರುವ ಒಲವು ಇಲ್ಲವೆನ್ನಲಾಗದು. ಆದರೆ 1969ರಲ್ಲಿ ಅಲಾಸ್ಕದ ಬ್ಯಾರೋ ಪ್ರದೇಶದ ಎಸ್ಕಿಮೋ ಕುಟುಂಬಗಳ ಬಗ್ಗೆ ಪ್ರಕಟವಾದ ವರದಿಯಂತೆ, ಶಾಲೆಯನ್ನು ಕಾಣದೆ ಬೆಳೆದ ಹಿರಿಯ ತಲೆಮಾರಿನ 131 ಮಂದಿಯಲ್ಲಿ ಇಬ್ಬರಿಗೆ ಮಾತ್ರ ಸಮೀಪದೃಷ್ಟಿ. ಶಾಲೆಗೆ ಹೋದ ಮೊಮ್ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ. ಎರಡು ತಲೆಮಾರಿನಲ್ಲಿ ರಕ್ತ ಬದಲಾಗುವುದಿಲ್ಲ. ಚೀನೀ ವಂಶದ ಆರೇಳು ವರ್ಷದ ಮಕ್ಕಳನ್ನು ಹೋಲಿಸಿದ 2008ರ ಅಧ್ಯಯನವೊಂದರಲ್ಲಿ ಸಿಂಗಪುರದವರಲ್ಲಿ ನೂರಕ್ಕೆ 29.1, ಸಿಡ್ನಿಯವರಲ್ಲಿ 3.3 ಮಂದಿಗೆ ದೋಷವಿತ್ತು. ಸಿಡ್ನಿಯ ಮಕ್ಕಳು ಓದಿದ್ದು ಕಡಮೆಯೇನಲ್ಲ. ಅವರು ಬಯಲಿನಲ್ಲಿ ಕಳೆಯುತ್ತಿದ್ದುದು ವಾರಕ್ಕೆ ಸುಮಾರು 14 ಗಂಟೆ, ಸಿಂಗಪುರದವರು ಮೂರು. ಚೀನದ ಗ್ವಾಂಗ್‌ಜೌ ನಗರದಲ್ಲಿ ಶಾಲೆಯ ದಿನಚರಿಗೆ 40 ನಿಮಿಷದ ಹೊರಾಂಗಣ ಪಾಠವನ್ನು ಸೇರಿಸಿ ನೋಡಿದಾಗ ಮೂರು ವರ್ಷಗಳಲ್ಲಿ ಹೊಸದಾಗಿ ದೋಷ ಬಂದವರು ನೂರಕ್ಕೆ 39.5ರ ಬದಲು 30.4 ಆದರೆಂದು 2015ರಲ್ಲಿ ವರದಿಯಾಯಿತು. ಬೆಳಕು ಹೊಸ ದೋಷವನ್ನು ತಡೆಯುವಷ್ಟು ಬಲವಾಗಿ, ಆಗಲೇ ಬಂದ ದೋಷದ ಏರಿಕೆಯನ್ನು ತಡೆಯುವುದಿಲ್ಲ. ಆದ್ದರಿಂದ ಆಟದ ಬಯಲಿನ ಪ್ರಯೋಜನವನ್ನು ಪ್ರಾಥಮಿಕ ಶಾಲೆಯಲ್ಲಿಯೇ ಪಡೆಯಬೇಕು. ಆಟದ ಪೀರಿಯಡ್ಡನ್ನು ಗಣಿತಕ್ಕೆ ಕಡ ಕೊಡುವ ನಮ್ಮ ಶಾಲೆಗಳ ಪದ್ಧತಿಯನ್ನು ಈ ದೃಷ್ಟಿಯಿಂದಲೂ ಪ್ರಶ್ನಿಸಬಹುದು.

ನಮ್ಮ ದೇಶದ ಸ್ಥಿತಿ ಸಿಂಗಪುರದಷ್ಟು ವಿಷಮಿಸಿಲ್ಲ. ದೆಹಲಿಯ 9,884 ಶಾಲಾಮಕ್ಕಳನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪ್ರಮಾಣ ನೂರಕ್ಕೆ 13.1. ಆದರೆ ಕನ್ನಡಕವಿಲ್ಲದೆ ಕುಳಿತ ಮಗುವಿನ ನಷ್ಟ ಕಣ್ಣಿನದಷ್ಟೇ ಅಲ್ಲ. ಚೀನದ ಗಾನ್ಸು, ಶಾನ್‌ಶಿ ಪ್ರಾಂತಗಳ 252 ಗ್ರಾಮೀಣ ಶಾಲೆಗಳಲ್ಲಿ ಮಂದದೃಷ್ಟಿಯ ಮೂರುಸಾವಿರಕ್ಕೂ ಮಿಕ್ಕ ಮಕ್ಕಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಉಚಿತ ಕನ್ನಡಕ ಪಡೆದವರ ಗಣಿತದ ಅಂಕಗಳು ಉಳಿದವರಿಗಿಂತ ಮೇಲಾದುವು. ಮಗು ತನ್ನ ಮಸುಕನ್ನು ಮಸುಕೆಂದು ಅರಿಯದು; ಎಲ್ಲರಿಗೂ ಲೋಕ ಹೀಗೆಯೇ ಕಾಣುತ್ತದೆಂದು ತಿಳಿದಿರುತ್ತದೆ. ಕಣ್ಣು ಕಿರಿದು ಮಾಡಿ ಹಲಗೆ ನೋಡುವುದನ್ನೂ, ಪಕ್ಕದವನ ಪುಸ್ತಕದಿಂದ ಬರೆದುಕೊಳ್ಳುವುದನ್ನೂ ಮೊದಲು ಗುರುತಿಸಬಲ್ಲವರು ಉಪಾಧ್ಯಾಯರು. 1976ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದ ಅಂಗವಾಗಿ ಬಡ ಶಾಲಾಮಕ್ಕಳಿಗೆ ಕನ್ನಡಕವನ್ನು ಉಚಿತವಾಗಿ ಕೊಡುವ ಏರ್ಪಾಡಿದೆ. ಹಾಗೆ ದೊರೆತ ಕನ್ನಡಕ ಎರಡು ಶತಮಾನದಷ್ಟು ಹಳೆಯ ಸಂಶಯವೊಂದರ ಕಾರಣದಿಂದ ಗೂಡಿನಲ್ಲಿ ಧೂಳು ತಿನ್ನುತ್ತಿದ್ದರೆ, ಮನೆಯವರೊಡನೆ ಕುಳಿತು ಮಾತನಾಡಬೇಕಾದವರೂ ಆ ಉಪಾಧ್ಯಾಯರೇ.