ಕೊಳೆಯೇ ಕಾರಣವಾದರೆ ಅಂಗಾಲಿನಲ್ಲೇಕಿಲ್ಲ ಮೊಡವೆ?

ಕೊಳೆಯಿಂದ ಮೊಡವೆ ಬರುವುದು ನಿಜವೇ ಆಗಿದ್ದರೆ ಮೊದಲ ಮೊಡವೆ ಏಳಬೇಕಾದ್ದು ಅಂಗಾಲಿನಲ್ಲಿ. ಬರಿಗಾಲಲ್ಲಿ ಗದ್ದೆಯ ಕೆಸರು ತುಳಿಯುವವರ ಪಾದ, ದಿನವಿಡೀ ಗ್ರೀಸ್ ಮೆತ್ತಿಕೊಂಡಿರುವ ಮೆಕ್ಯಾನಿಕ್‌ನ ಅಂಗೈ ಮೊಡವೆಯಿಂದ ತುಂಬಿಹೋಗಬೇಕಿತ್ತು. ಅಲ್ಲಿ ಒಂದೂ ಏಳುವುದಿಲ್ಲ. ಏಕೆಂದರೆ ಅಂಗೈ, ಅಂಗಾಲಿನಲ್ಲಿ ಜಿಡ್ಡು ಸ್ರವಿಸುವ ಗ್ರಂಥಿಗಳೇ ಇಲ್ಲ. ಆ ಗ್ರಂಥಿಗಳು ದಟ್ಟವಾಗಿರುವ ಮುಖ, ಎದೆ, ಬೆನ್ನಿನ ಮೇಲ್ಭಾಗವೇ ಮೊಡವೆಯ ಊರು.

ಇಷ್ಟು ಕಣ್ಣೆದುರಿಗೇ ಇದ್ದರೂ, ಹದಿನೈದರ ಹುಡುಗಿಯ ಕೆನ್ನೆ ಕೆಂಪಾದ ಕೂಡಲೇ ಮನೆಗೆ ಬಂದವರ ಮೊದಲ ಮಾತು: ‘ಮುಖ ಸರಿಯಾಗಿ ತೊಳ್ಕೊಳಲ್ವೇನೇ?’ ಆ ಹುಡುಗಿ ಆಗಲೇ ದಿನಕ್ಕೆ ಐದಾರು ಸಲ ಸೋಪು ಹಾಕಿ ಉಜ್ಜುತ್ತಿರುತ್ತಾಳೆ. ಮಾತು ಕೇಳಿದ ಮೇಲೆ ಇನ್ನೆರಡು ಸಲ. ಕಾಯಿಲೆಯೂ ಬಂದು, ಕೊಳಕಿ ಅನ್ನುವ ಬಿರುದೂ ಸಿಗುವುದು ಮೊಡವೆಯ ವಿಷಯದಲ್ಲಿ ಮಾತ್ರವೇನೋ.

ಕೊಳೆಯ ಪಕ್ಷದವರ ಮುಖ್ಯ ಸಾಕ್ಷಿ ಮೂಗಿನ ಮೇಲಿನ ಕಪ್ಪು ಚುಕ್ಕೆ, ಅಂದರೆ ಬ್ಲ್ಯಾಕ್‌ಹೆಡ್. ಹಿಂಡಿದಾಗ ಹೊರಬರುವ ಆ ಸಣ್ಣ ಎಳೆಯನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಕಪ್ಪಗಿರುವುದು ತುದಿ ಮಾತ್ರ; ಉಳಿದದ್ದು ಮೇಣದ ಹಾಗೆ, ತಿಳಿ ಹಳದಿ. ಆ ತುದಿಯ ಕಪ್ಪು ಹೊರಗಿನ ಧೂಳಲ್ಲ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಮತ್ತು ಗಾಳಿ ತಾಗಿ ಉತ್ಕರ್ಷಣಗೊಂಡ ಜಿಡ್ಡು ಸೇರಿ ಆದದ್ದು. ರಂಧ್ರದ ಬಾಯಿ ಮುಚ್ಚಿದ್ದರೆ ಒಳಗಿನ ಅದೇ ಸರಕು ಬಿಳಿ ಗುಳ್ಳೆಯಾಗಿ ಉಳಿಯುತ್ತದೆ. ಬಾಯಿ ಮುಚ್ಚಿದ ರಂಧ್ರಕ್ಕೆ ಕೊಳೆ ಹೋದದ್ದಾದರೂ ಯಾವ ದಾರಿಯಲ್ಲಿ?

ನಡೆಯುವುದೆಲ್ಲ ಚರ್ಮದ ಒಳಗೆ. ಪ್ರಾಯಕ್ಕೆ ಬರುವಾಗ ಹುಡುಗ, ಹುಡುಗಿಯರಿಬ್ಬರಲ್ಲೂ ಆಂಡ್ರೊಜನ್ ಹಾರ್ಮೋನುಗಳು ಹೆಚ್ಚಿ, ಜಿಡ್ಡಿನ ಗ್ರಂಥಿಗಳು ಹಿಗ್ಗುತ್ತವೆ. ಕೂದಲ ರಂಧ್ರದ ಒಳಗೋಡೆಯ ಜೀವಕೋಶಗಳು ಉದುರಿ ಹೋಗುವ ಬದಲು ಒಂದಕ್ಕೊಂದು ಅಂಟಿ ಬಿರಡೆಯಾಗುತ್ತವೆ. ಅದರ ಹಿಂದೆ ಜಿಡ್ಡು ಕಟ್ಟಿಕೊಳ್ಳುತ್ತದೆ. ಎಲ್ಲರ ಮುಖದಲ್ಲೂ ಸುಮ್ಮನೆ ಬದುಕಿಕೊಂಡಿರುವ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾಕ್ಕೆ ಅಲ್ಲಿ ಹಬ್ಬದೂಟ. ದೇಹ ಅದರ ವಿರುದ್ಧ ತಿರುಗಿಬಿದ್ದಾಗ ಕೆಂಪು, ಊತ, ಕೀವು. ಹಾರ್ಮೋನಿನ ಪಾತ್ರ ನಿನ್ನೆ ಮೊನ್ನೆ ಗೊತ್ತಾದದ್ದೂ ಅಲ್ಲ. ಪ್ರಾಯಕ್ಕೆ ಮುಂಚೆ ವೃಷಣ ಕಳೆದುಕೊಂಡ ಗಂಡಸರಲ್ಲಿ ಮೊಡವೆ ಇರುವುದಿಲ್ಲ, ಟೆಸ್ಟೋಸ್ಟಿರೋನ್ ಕೊಟ್ಟರೆ ಬರಬಹುದು ಎಂದು ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ 1941ರಲ್ಲೇ ಬರೆದಿದ್ದ. ಇಂದು ಕನ್ನಡಿಯಲ್ಲಿ ಕಂಡ ಮೊಡವೆಯ ಬಿರಡೆ ಕೂರಲು ಶುರುವಾದದ್ದು ವಾರಗಟ್ಟಲೆ ಹಿಂದೆ. ನಿನ್ನೆ ಮುಖ ತೊಳೆಯದ್ದಕ್ಕೂ ಅದಕ್ಕೂ ಸಂಬಂಧವಿಲ್ಲ.

ತೊಳೆದದ್ದು ಹೆಚ್ಚಾದರೆ ಮಾತ್ರ ಸಂಬಂಧ ಉಂಟು. ಸೋಪಿನಿಂದ ಪದೇ ಪದೇ ಉಜ್ಜುವುದೇ ಮೊಡವೆ ತರಬಲ್ಲದು ಎಂದು 1975ರಲ್ಲಿ ಮಿಲ್ಸ್ ಮತ್ತು ಕ್ಲಿಗ್‌ಮನ್ ಎಂಬ ಚರ್ಮವೈದ್ಯರು ವರದಿ ಮಾಡಿ, ಅದಕ್ಕೆ ‘ಆಕ್ನೆ ಡಿಟರ್ಜಿಕಾನ್ಸ್’ ಎಂದು ಹೆಸರಿಟ್ಟರು. ಕಡಲೆಹಿಟ್ಟಿನ ತರಿ, ನಿಂಬೆರಸದ ಹುಳಿ, ನೈಲಾನ್ ಜಾಲರಿ, ಇವೆಲ್ಲ ಸುಲಿಯುವುದು ಚರ್ಮದ ಮೇಲ್ಪದರವನ್ನೇ. ಬಿರಡೆಯ ತನಕ ಯಾವುದೂ ಹೋಗುವುದಿಲ್ಲ. ಸಾಲದ್ದಕ್ಕೆ ನಮ್ಮ ಕಂದು ಚರ್ಮದಲ್ಲಿ ಕೆರಳಿದ ಕಡೆಯೆಲ್ಲ ಕಲೆ ಉಳಿಯುತ್ತದೆ, ತಿಂಗಳುಗಟ್ಟಲೆ. ದಿನಕ್ಕೆರಡು ಸಲ, ಸೌಮ್ಯವಾದ ಫೇಸ್‌ವಾಶ್, ಬೆರಳ ತುದಿ: ಇಷ್ಟು ಸಾಕು. ಅದಕ್ಕಿಂತ ತಲೆಗೆ ಸುರಿದ ಕೊಬ್ಬರಿ ಎಣ್ಣೆ ಹಣೆಗೆ ಇಳಿಯುತ್ತಿದೆಯೇ, ಹೆಲ್ಮೆಟ್ಟಿನ ಪಟ್ಟಿ ಗದ್ದಕ್ಕೆ ಉಜ್ಜುತ್ತಿದೆಯೇ ನೋಡಿಕೊಳ್ಳುವುದು ವಾಸಿ.

ಇನ್ನುಳಿದ ನಂಬಿಕೆಗಳು. ರಕ್ತ ಕೆಟ್ಟರೆ ಮೊಡವೆ? ರಕ್ತ ಸೋಸಲು ಮೂತ್ರಪಿಂಡಗಳಿವೆ, ಬಾಟಲಿಯ ಸಿರಪ್ ಬೇಕಿಲ್ಲ. ಉಷ್ಣ? ಎಳನೀರು ಕುಡಿಯಿರಿ, ರುಚಿಯಾಗಿದೆ, ಮೊಡವೆಗೆ ಅದರ ಹಂಗಿಲ್ಲ. ಚಾಕೊಲೇಟ್, ಕರಿದ ತಿಂಡಿಯ ಮೇಲಿನ ಆರೋಪ ಗಟ್ಟಿಯಾಗಿ ನಿಂತಿಲ್ಲ. ರಕ್ತದ ಸಕ್ಕರೆಯನ್ನು ಥಟ್ಟನೆ ಏರಿಸುವ ಆಹಾರದ ಮೇಲಿನ ಅನುಮಾನಕ್ಕೆ ಸ್ವಲ್ಪ ಆಧಾರವಿದೆ. ಟೂತ್‌ಪೇಸ್ಟ್ ಹಲ್ಲಿಗೆ, ಮೊಡವೆಗಲ್ಲ.

ಮದುವೆಯಾದರೆ ಹೋಗುತ್ತದೆ ಅನ್ನುವುದು ಇವುಗಳಲ್ಲೆಲ್ಲ ಸೊಗಸಾದದ್ದು. ಬಹಳ ಜನರಿಗೆ ಇಪ್ಪತ್ತರ ಆಸುಪಾಸಿನಲ್ಲಿ ಮೊಡವೆ ತಾನಾಗಿ ಇಳಿಯುತ್ತದೆ. ಆ ಹೊತ್ತಿಗೆ ಕಟ್ಟಿದ ತಾಳಿಗೋ, ಹಚ್ಚಿದ ಮುಲ್ತಾನಿ ಮಿಟ್ಟಿಗೋ ಕೀರ್ತಿ ಸಂದುಬಿಡುತ್ತದೆ. ‘ನನಗೆ ಇದರಿಂದಲೇ ಹೋಯ್ತು’ ಅನ್ನುವವರ ಜೊತೆ ವಾದ ಮಾಡಿ ಗೆದ್ದವರನ್ನು ನಾನು ಕಂಡಿಲ್ಲ. ಮೂವತ್ತಾದರೂ ಹೋಗದೆ, ಮುಟ್ಟೂ ಏರುಪೇರಾಗಿದ್ದರೆ ಪಿಸಿಒಎಸ್ ಎಂಬ ಹಾರ್ಮೋನಿನ ತೊಂದರೆ ಇದೆಯೇ ಎಂದು ಪರೀಕ್ಷೆ ಮಾಡಿಸಬೇಕು. ಅಂಥವರಿಗೂ ಸಿಗುವ ಸಲಹೆ ಅದೇ, ಮುಖ ತೊಳಿ.

ವಿಚಿತ್ರವೆಂದರೆ, ವೈದ್ಯರು ಅಡಾಪಲೀನ್ ಎಂಬ ಮೊಡವೆಯ ಮುಲಾಮು ಬರೆದುಕೊಟ್ಟರೆ ‘ಸೈಡ್ ಎಫೆಕ್ಟ್ ಇದೆಯಂತೆ’ ಎಂದು ಹಿಂಜರಿಯುವವರೇ, ರೀಲ್ಸ್‌ನಲ್ಲಿ ಯಾರೋ ತೋರಿಸಿದ್ದನ್ನು ರಾತ್ರಿಯೇ ಮುಖಕ್ಕೆ ಬಳಿದುಕೊಳ್ಳುತ್ತಾರೆ. ಅಡಾಪಲೀನ್, ಬೆಂಜಾಯಿಲ್ ಪೆರಾಕ್ಸೈಡ್‌ನಂಥ ಮುಲಾಮುಗಳು ಕೆಲಸ ತೋರಿಸಲು ಎರಡು ಮೂರು ತಿಂಗಳು ಬೇಕು. ಎರಡನೇ ವಾರಕ್ಕೇ ತಾಳ್ಮೆ ಮುಗಿದಿರುತ್ತದೆ. ಆಗ ಕೈಗೆ ಬರುವುದು ಮೆಡಿಕಲ್ ಶಾಪಿನವನು ಚೀಟಿಯಿಲ್ಲದೆ ಕೊಡುವ ಸ್ಟಿರಾಯ್ಡ್ ಬೆರೆತ ಕ್ರೀಮು. ನಾಲ್ಕೇ ದಿನದಲ್ಲಿ ಕೆಂಪು ಇಳಿದು ಮುಖ ಬೆಳಗುತ್ತದೆ, ಅಕ್ಕಪಕ್ಕದವರಿಗೂ ಟ್ಯೂಬಿನ ಹೆಸರು ಹೋಗುತ್ತದೆ. ತಿಂಗಳುಗಳ ಮೇಲೆ ಚರ್ಮ ತೆಳುವಾಗಿ, ರಕ್ತನಾಳಗಳು ಎದ್ದು ಕಂಡು, ಕ್ರೀಮು ಬಿಟ್ಟ ಕೂಡಲೇ ಮೊದಲಿಗಿಂತ ಜೋರಾಗಿ ಮೊಡವೆ ಏಳುತ್ತದೆ. ‘ನೋಡು, ಒಳಗಿದ್ದ ಕೊಳೆಯೆಲ್ಲ ಹೊರಗೆ ಬರ್ತಾ ಇದೆ’ ಎಂದು ಅದಕ್ಕೂ ಒಂದು ವಿವರಣೆ ಸಿದ್ಧವಿರುತ್ತದೆ.